ಅಮ್ಮನ ಪಾವು, ಬೀದಿಯ ಗೋಳು

ಬೇಸಿಗೆ ರಜೆಯನ್ನು ಕಂಡುಹಿಡಿದವರು ಯಾರೋ ನನಗೆ ಗೊತ್ತಿಲ್ಲ. ಅದನ್ನು ಹಾಳುಮಾಡುವುದನ್ನು ಕಂಡುಹಿಡಿದವಳು ಮಾತ್ರ ನಮ್ಮಮ್ಮ! ಸೂಲೂರಿನ ಪಕ್ಕದ ನಮ್ಮ ನೇಕಾರರ ಬೀದಿಯಲ್ಲಿ ಶಾಲೆ ಮುಚ್ಚಿದ ಮಾರನೇ ದಿನ ಮಿಕ್ಕ ಮಕ್ಕಳು ಅಜ್ಜಿಮನೆಗೆ ಹೊರಟರೆ, ನಾನು ಪಾವಿಗೆ. ಪಾವು ಎಂದರೆ ಮಗ್ಗಕ್ಕೆ ಏರಿಸುವ ಉದ್ದನೂಲು. ಅದನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಬಿಸಿಲೇರುವ ಮುಂಚೆ ಗಂಜಿ ಹಚ್ಚಿ ನೀವಿ ಮುಗಿಸಬೇಕು.

"ಎದ್ದೇಳೇ ನನ್ ಕಣ್ಣು, ಬಿಸ್ಲು ಬಂದ್ರೆ ನೂಲು ಪಟಪಟ ಅಂತ ಕಿತ್ತೋಗ್ತದೆ!" ಎಂದು ಕೋಳಿಗಿಂತ ಮೊದಲೇ ಕೂಗುವಳು. ಕೋಳಿ ಇವಳಿಂದಲೇ ಕಲಿತದ್ದು ಎಂದು ಅಪ್ಪನ ದೂರು. ಇಂದಿಗೂ ಬೇಸಿಗೆಯಲ್ಲಿ ನನಗೆ ನಸುಕಿಗೇ ಎಚ್ಚರ. ಕೂಗುವವರು ಮಾತ್ರ ಇಲ್ಲ.

ಪಾವು ಕಟ್ಟಿದ ಮೇಲೆ ಬೀದಿ ಅವಳದೇ. ಒಮ್ಮೆ ಮದುಮಗನ ಕಾರನ್ನೇ ತಡೆದಳು!

"ಮುಹೂರ್ತ ತಪ್ಪೋಗ್ತದೆ ಅಕ್ಕಾ," ಎಂದು ಅವನ ಅಪ್ಪ ಕೈಮುಗಿದ.

"ಹುಡುಗನ್ನ ನಡೆಸ್ಕೊಂಡು ಹೋಗಿ. ಕಾಲಿಲ್ವಾ?"

ಮದುಮಗ ರೇಷ್ಮೆ ಪಂಚೆ ಎತ್ತಿಕೊಂಡು ನಡೆದ. ದಾಟುವಾಗ ಅವನ ಕೈಗೂ ಒಂದು ನೂಲಿನ ತುದಿ ಕೊಟ್ಟು, "ಸ್ವಲ್ಪ ಹಿಡ್ಕೋ ಅಪ್ಪಾ" ಎಂದಳು!

ಮಧ್ಯಾಹ್ನ ನಮಗೆ ಕುಣಿಮಗ್ಗದ ಕುಣಿಯೇ ಊಟಿ. ನೇಯುವವರು ಕಾಲು ಇಳಿಬಿಡುವ ಆ ತಂಪು ಗುಂಡಿಗೆ ನನ್ನನ್ನೂ ತಂಗಿಯನ್ನೂ ಇಳಿಸಿ, ಮೇಲೆ ಒದ್ದೆ ಸೀರೆ ಹೊದಿಸುವಳು. "ಮಕ್ಕಳೆಲ್ಲಿ?" ಎಂದ ನೆಂಟರಿಗೆ, "ಗುಂಡಿಗೆ ಹಾಕ್ಬುಟ್ಟೆ" ಎಂಬ ಉತ್ತರ. ನೆಂಟರು ಕಾಫಿ ಲೋಟ ಕೆಳಗಿಡುತ್ತಿದ್ದರು. ಒಳಗೆ ಮಲಗಿ ನಾವು ನಗುತ್ತಿದ್ದೆವು; ಮೇಲೆ ಅವಳ ಕೆಮ್ಮು ಕೇಳುತ್ತಿತ್ತು.

ನಾನು ಹತ್ತನೇ ಪರೀಕ್ಷೆ ಬರೆದ ಬೇಸಿಗೆ, ಅಮ್ಮನ ಅಣ್ಣ ತಿರುಪ್ಪೂರಿನಿಂದ ಬಂದ. ಬನಿಯನ್ ಕಂಪನಿಯಲ್ಲಿ ನನಗೆ ಕೆಲಸ ಹೇಳಿಟ್ಟಿದ್ದ. ಅಪ್ಪ ಒಪ್ಪಿಬಿಟ್ಟ. ನನಗೆ ಓದುವಾಸೆ, ಬಾಯಿ ಬಿಡಲು ಭಯ.

"ಈ ಪಾವು ಮುಗೀಲಿ ಅಣ್ಣಾ. ನಂಗೆ ಕೈಯಾಳಿಲ್ಲ," ಎಂದಳು ಅಮ್ಮ.

ಅದು ಮುಗಿಯಿತು, ಇನ್ನೊಂದು ಬಂತು. ನಮ್ಮ ನೂಲು ತೀರಿದಾಗ ಪಕ್ಕದ ಮನೆಯವರ ಪಾವನ್ನೂ ಕೇಳಿ ತಂದು ಪುಕ್ಕಟೆ ಗಂಜಿ ಹಚ್ಚಿದಳು! ಇವಳಿಗೆ ಹುಚ್ಚೇ ಹಿಡಿದಿದೆ ಎಂದಿತು ಬೀದಿ. ಅಷ್ಟರಲ್ಲಿ ಶಾಲೆ ತೆರೆಯಿತು. ಗಂಜಿ ಕೈಯಲ್ಲೇ ನನ್ನನ್ನು ಎಳೆದೊಯ್ದು ಹನ್ನೊಂದನೇ ತರಗತಿಗೆ, ಅಂದರೆ ಪ್ಲಸ್ ಒನ್‌ಗೆ ಸೇರಿಸಿದಳು.

ಆ ಮಾರ್ಗಳಿ ತಿಂಗಳ ಚಳಿಯಲ್ಲಿ ಅಮ್ಮ ತೀರಿಕೊಂಡಳು.

ಮುಂದಿನ ಬೇಸಿಗೆಗೆ ಮಾಮ ಮತ್ತೆ ಬಂದ. ಈ ಸಲ ನನ್ನನ್ನು ಕಳಿಸುವುದಿಲ್ಲ ಎನ್ನಲು ಯಾರಿದ್ದರು? ಬಟ್ಟೆಗಂಟು ಹಿಡಿದು ಅವನ ಜೊತೆ ತಿರುಪ್ಪೂರಿನ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಅವನು ಮೆಲ್ಲಗೆ ಬಾಯಿಬಿಟ್ಟ.

"ಹೋದೊರ್ಷ ನಿಮ್ಮಮ್ಮ ನನ್ ಕೈ ಹಿಡ್ಕೊಂಡು ಅತ್ಲು ಕಣ್ಣು. 'ಡಾಕ್ಟ್ರು ನಂಗೆ ಜಾಸ್ತಿ ದಿನ ಇಲ್ಲ ಅಂದವ್ರೆ. ನಾನು ಇರೋಗಂಟ ನನ್ ಮಗಳ್ನ ಕೇಳ್ಬ್ಯಾಡ ಅಣ್ಣಾ, ಅಷ್ಟು ದಿನ ಓದ್ಲಿ' ಅಂದ್ಲು."

ತನಗೆ ಉಳಿದಿದ್ದಷ್ಟನ್ನೂ ಅಮ್ಮ ನನ್ನ ಓದಿಗೆ ಕೊಟ್ಟಿದ್ದಳು. ಅವಳು ಹೋದ ದಿನ ಕಲ್ಲಿನಂತೆ ಕೂತಿದ್ದ ನಾನು, ಮಾಮನ ಭುಜಕ್ಕೆ ತಲೆಯಿಟ್ಟು ತಿರುಪ್ಪೂರು ಬರುವವರೆಗೂ ಅತ್ತೆ.