ಗೋಡೆಗೆ ಅಂಟಿಸಿದ ಕನ್ನಡಿ

ಸನತ್‌ನಗರದ ನಮ್ಮ ಬೀದಿಯ ಬೇವಿನ ಮರ ಉಳಿದದ್ದು ಯಾರ ಜಾಣತನದಿಂದಲೂ ಅಲ್ಲ, ನನ್ನ ಮೈದುನನ ಹುಚ್ಚಿನಿಂದ. ಕಡಿಸಲು ಹೊರಟವಳು ನಾನೇ. ಬೀದಿಯವರು ಏನಾದರೂ ಹೇಳಲಿ, ನಡೆದದ್ದು ಇಷ್ಟು.

ಮೈದುನ ಗೋಡೆ ಕಟ್ಟುವ ಹಳೇ ಗೌಂಡಿ. ಮೊಣಕಾಲು ಹೋದ ಮೇಲೆ ಕೆಲಸ ಬಿಟ್ಟ, ಚಾಳಿ ಬಿಡಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಕ್ಷೇಮ, ಆಮೇಲೆ ಮನುಷ್ಯರದು. ಹೆಣ್ಣು ನೋಡಲು ಹೋದಲ್ಲಿ ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು, ‘ಹುಡುಗಿ ನೆಟ್ಟಗದಾಳ, ಗ್ವಾಡಿ ನೆಟ್ಟಗಿಲ್ಲ’ ಎಂದು ಎದ್ದು ಬಂದವನು! ಇಂಥವನಿಗೆ ಯಾರು ಹೆಣ್ಣು ಕೊಟ್ಟಾರು?

ನನ್ನದು ಎರಡು ಕೋಣೆಯ ಮನೆ. ತೀರಿಹೋದ ನನ್ನ ಗಂಡನೂ ಇವನೂ ಸೇರಿ ಕಟ್ಟಿದ್ದು. ಹೋದ ವರ್ಷ ಬೀದಿಯ ಕಡೆಯ ಗೋಡೆ ಕಿರುಬೆರಳು ತೂರುವಷ್ಟು ಬಿರಿಯಿತು. ಎದುರಿಗೇ ಮುನ್ಸಿಪಾಲಿಟಿಯ ಮರ. ಇನ್ನೇನು ಸಾಕ್ಷಿ ಬೇಕು? ಮೊಮ್ಮಗಳ ಕೈಲಿ ಅರ್ಜಿ ಬರೆಸಿ ಕೊಟ್ಟೆ. ಗರಗಸದವರು ಬಂದರೆ ಮೈದುನ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದಾನೆ.

“ಏಳಪ್ಪಾ. ಗ್ವಾಡಿ ನನ್ನ ತಲಿ ಮ್ಯಾಲ ಬಿದ್ದಮ್ಯಾಗ ಏಳಾಂವೇನು?”

“ವೈನಿ, ಮರ ಗ್ವಾಡಿ ದೂಡಿಲ್ರಿ. ಇದು ಎರಿ ಮಣ್ಣು. ಬ್ಯಾಸಗ್ಯಾಗ ಮರ ನೀರು ಕುಡೀತೈತಿ, ಮಣ್ಣು ಕುಗ್ಗತೈತಿ, ಪಾಯಾ ಇಳೀತೈತಿ. ಟೊಂಗಿ ಕಡಿಮಿ ಮಾಡಿದ್ರ ಕುಡಿಯೋದೂ ಕಡಿಮಿ.”

“ದಿನಕ್ಕ ಹತ್ತು ಕಪ್ ಚಾ ಕುಡಿಯಾಂವ ನೀ, ಮರಕ್ಕ ಬುದ್ಧಿ ಹೇಳ್ತಿ?”

ಅವನು ನನ್ನನ್ನು ಬಿಟ್ಟು ಮುನ್ಸಿಪಾಲಿಟಿಯ ಮೇಡಂ ಬೆನ್ನು ಹತ್ತಿದ. ನೀವು ಬೇಸಿಗೆಗೆ ಮುಂಚೆ ಟೊಂಗೆ ಸವರಿಸಿ. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸುತ್ತೇನೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಒಡೆದರೆ ಗರಗಸ ನಾನೇ ಹಿಡಿಯುತ್ತೇನೆ ಎಂದ. “ಸರೇ ತಾತಾ,” ಎಂದು ತಮ್ಮ ತೆಲುಗಿನಲ್ಲೇ ಮೇಡಂ ನಕ್ಕು ಒಪ್ಪಿದರು.

ಮರ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಂತಾಯಿತು. ಮೈದುನ ಎಲ್ಲಿಂದಲೋ ಮೂರು ಕನ್ನಡಿ ಪಟ್ಟಿ ತಂದು ಸಿಮೆಂಟಿನಲ್ಲಿ ಕೂರಿಸಿದ. ಅಂದಿನಿಂದ ಬಾಲಾನಗರದ ತನ್ನ ಕೋಣೆಯಿಂದ ದಿನವೂ ಹಾಜರು. ಎದುರು ನಿಂತು ನೋಡುವವನಲ್ಲ; ಪಕ್ಕದಲ್ಲಿ ನಿಂತು, ಮುಖ ತಿರುಗಿಸಿ, ಉಗುರಿನಿಂದ ಸವರುವುದು. ನಾನು ಬಾಗಿಲು ಜೋರಾಗಿ ಹಾಕುವಂತಿಲ್ಲ, ಖಾರ ಕುಟ್ಟುವಂತಿಲ್ಲ. ಅವನ ಗಲ್ಲದ ತುಂಬ ಬ್ಲೇಡಿನ ಗಾಯ ಬೇರೆ.

“ಏನಪ್ಪಾ, ಮೀಸಿ ಒಂದು ಕಡಿ ಕಾಚಿಗೂಡಕ್ಕ ಹೊಂಟೈತಿ, ಇನ್ನೊಂದು ಕಡಿ ಬಾಲಾನಗರಕ್ಕ?”

“ನೀವು ಗ್ವಾಡಿ ನೋಡ್ರಿ ವೈನಿ, ನನ್ನ ಮಾರಿ ಯಾಕ ನೋಡ್ತೀರಿ?”

ಬೇಸಿಗೆ ಕಳೆಯಿತು, ಮಳೆ ಹಿಡಿಯಿತು, ಮೇಡಂ ಬಂದರು. ಮೂರೂ ಪಟ್ಟಿಗೆ ಕೂದಲೆಳೆಯಷ್ಟು ಗೀರಿಲ್ಲ! ಪ್ರತಿವರ್ಷ ಬೇಸಿಗೆಗೆ ಮುಂಚೆ ಟೊಂಗೆ ಸವರಬೇಕು, ಮರ ಕಡಿಯಬಾರದು ಎಂದು ಅಲ್ಲೇ ಬರೆದು ಸಹಿ ಹಾಕಿದರು. ಮೈದುನ ಮದುಮಗನಂತೆ ಬೀದಿ ಸುತ್ತಿದ. ಸೋತ ನಾನು ಬೀದಿಗೆಲ್ಲ ಚುರಮರಿ ಹಂಚಿದೆ.

ಅವನ ಪಾಲು ಕೊಡಲು ಸಂಜೆ ಕೋಣೆಗೆ ಹೋದೆ. ಗೋಡೆಯ ಮೊಳೆಗೆ ಖಾಲಿ ಚೌಕಟ್ಟು ತೂಗುತ್ತಿತ್ತು.

“ಕನ್ನಡಿ ಎಲ್ಲೈತೋ?”

“ನಿಮ್ಮ ಗ್ವಾಡಿಗೈತಲ್ರಿ.”

“ಹೊಸಾದು ತರಾಕ ಏನಾಗಿತ್ತು?”

“ಗ್ವಾಡಿ ನಿಂತಮ್ಯಾಗ ನನ್ನ ಮಾರಿ ನೋಡ್ಕೋತೀನಿ ಅಂತ ಹರಕಿ ಹೊತ್ತಿದ್ನಿರಿ. ಅಣ್ಣ ಕಟ್ಟಿದ ಗ್ವಾಡಿ ಅದು.”

ನಾನು ಚುರಮರಿ ಡಬ್ಬಿ ಇಟ್ಟು ಎದ್ದು ಬಂದೆ.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಸಿ, ಮುಖ ಪೂರ್ತಿ ಕಾಣುವ ಕನ್ನಡಿಯೊಂದನ್ನು ತಂದು, ಬೇವಿನ ಮರಕ್ಕೆ ಅವನ ಎತ್ತರಕ್ಕೆ ಸರಿಯಾಗಿ ಹಗ್ಗದಿಂದ ಕಟ್ಟಿದೆ. ಮೊಳೆ ಹೊಡೆದರೆ ಅವನು ಬಿಡುತ್ತಾನೆಯೇ?