ಕೆಂಪು ಕಾರಿನ ನಲವತ್ತೊಂದು ಸುತ್ತು

ಊರಿನಲ್ಲೆಲ್ಲ ಎಲ್ಲೆಂದರಲ್ಲಿ ಕುದಿಯುತ್ತಿದ್ದ ಆ ಕಾರು, ಕುದಿಯಲೇಬೇಕಾದ ಒಂದೇ ಒಂದು ಜಾಗದಲ್ಲಿ ಮಾತ್ರ ಕುದಿಯುತ್ತಿರಲಿಲ್ಲ. ಆ ಜಾಗವೆಂದರೆ ಕಂಪನಿಯ ಸರ್ವಿಸ್ ಸೆಂಟರು. ಅದರ ಗೇಟು ಹೊಕ್ಕೊಡನೆ ಕಾರು ಅತ್ತೆಮನೆಗೆ ಬಂದ ಹೊಸ ಅಳಿಯನಂತೆ ತಣ್ಣಗೆ, ಗಂಭೀರವಾಗಿ, ಸಂಭಾವಿತನಾಗಿ ನಿಂತುಬಿಡುತ್ತಿತ್ತು.

ಕಾರಿನ ಒಡೆಯರು ಕನ್ನಡಕದಂಗಡಿಯ ಯಜಮಾನರು. ಇಪ್ಪತ್ತೈದು ವರ್ಷ ಊರವರ ಕಣ್ಣು ಸರಿಮಾಡಿಯೂ ಊರವರ ಕಣ್ಣಿಗೆ ತಾವು ಬೀಳಲಿಲ್ಲವಲ್ಲ ಎಂಬ ಕೊರಗಿನಿಂದ, ಐವತ್ತೆರಡನೇ ವಯಸ್ಸಿನಲ್ಲಿ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಂಥ ಕೆಂಪು ಸ್ಪೋರ್ಟ್ಸ್ ಕಾರು ಕೊಂಡಿದ್ದರು. ಅದರಲ್ಲಿ ಕೂರುವುದು ಎಂಬುದಿಲ್ಲ. ಬಾವಿಗೆ ಇಳಿದಂತೆ ಇಳಿಯಬೇಕು. ಮೇಲೆ ಬರಲು ಯಾರಾದರೂ ಕೈ ಕೊಡಬೇಕು. ಅದರ ವೇಗದ ಮುಳ್ಳಿನ ಸುತ್ತ ಇನ್ನೂರ ಎಂಬತ್ತರವರೆಗೆ ಅಂಕಿಗಳಿದ್ದವು. ಯಜಮಾನರು ನಲವತ್ತರ ಆಚೆ ಎಂದೂ ಕಾಲಿಟ್ಟವರಲ್ಲ. (ಆಚೆಯ ಅಂಕಿಗಳು ಶೋಭೆಗೆ ಎಂದು ಅವರ ನಂಬಿಕೆ.)

ಅಷ್ಟು ನಿಧಾನಕ್ಕೂ ಕಾರು ಕಾಯುತ್ತಿತ್ತು. ಹದಿನಾಲ್ಕು ಹದಿನೈದು ಕಿಲೋಮೀಟರು ಓಡಿತೋ, ಬಿಸಿಯ ಮುಳ್ಳು ಮೇಲೇರಿ ಕೆಂಪು ದೀಪ ಹತ್ತಿಕೊಳ್ಳುತ್ತಿತ್ತು. ಹೀಟರ್ ಹಾಕಿದರೆ ಎಂಜಿನ್ನಿನ ಬಿಸಿ ಒಳಗೆ ಬಂದು ಅದು ತಣ್ಣಗಾಗುತ್ತದೆ ಎಂದು ಯಾರೋ ಹೇಳಿದ್ದರು. ಹಾಗಾಗಿ ಉರಿಬೇಸಿಗೆಯಲ್ಲೂ ಗಂಡಹೆಂಡಿರು ಹೀಟರ್ ಹಾಕಿಕೊಂಡು ಓಡಾಡಿದರು.

"ಅದು ತಣ್ಣಗಿರ್ಲಿ ಅಂತ ನಾನು ಬೇಯ್ಬೇಕೇನ್ರೀ?" ಎಂದು ಹೆಂಡತಿ ಒಂದು ದಿನ ಸಿಡಿದರು. "ಶನಿವಾರ ವಾರಂಟಿ ಮುಗಿಯುತ್ತೆ. ಅಷ್ಟರೊಳಗೆ ಕಂಪನಿಯೋರ ಕೈಲಿ ಎಂಜಿನ್ ಬದಲಾಯಿಸ್ಕೊಳ್ಳಿ. ಇಲ್ಲಾಂದ್ರೆ ಭಾನುವಾರ ಈ ಬಾಣಲೆ ಮಾರಿಬಿಡ್ಬೇಕು. ನಾಲ್ಕು ಬಾಗಿಲಿರೋದು, ನೆಟ್ಟಗೆ ಕೂರೋಕ್ಕಾಗೋದು ತರಬೇಕು. ಅಷ್ಟೇ."

ಯಜಮಾನರು ಸೋಮವಾರ ಬೆಳಿಗ್ಗೆಯೇ ಸರ್ವಿಸ್ ಸೆಂಟರಿಗೆ ಓಡಿದರು. ಓಡಿದ್ದು ಬರೀ ನಾಲ್ಕು ಕಿಲೋಮೀಟರು. ಕಾರಿಗೆ ಬೆವರೂ ಬಂದಿರಲಿಲ್ಲ. ಅಲ್ಲಿನ ವಾರಂಟಿ ಅಧಿಕಾರಿ ಬಹಳ ಮೃದುವಾದ ಮನುಷ್ಯ. ಇಲ್ಲ ಎಂಬ ಮಾತನ್ನು ಆತ ಹೂವು ಕೊಟ್ಟಂತೆ ಕೊಡುತ್ತಿದ್ದ.

"ತಣ್ಣಗಿರೋ ಗಾಡೀಲಿ ಏನು ದೋಷ ಅಂತ ಬರ್ಕೊಳ್ಳಲಿ ಸಾರ್? ನಮ್ಮ ಗೇಟಿನೊಳಗೆ, ನಮ್ಮ ಕಣ್ಣೆದುರಿಗೆ ಬಿಸಿಯಾಗ್ಬೇಕು."

"ಸರಿ, ನಾಳೆ ಕೆಂಪು ದೀಪ ಹತ್ತಿದ ಮೇಲೆ ಹಾಗೇ ಓಡಿಸ್ಕೊಂಡು ಬರ್ತೀನಿ."

"ದೀಪ ಹತ್ತಿದ ಮೇಲೆ ಒಂದು ಗಜ ಓಡಿಸಿದ್ರೂ ವಾರಂಟಿ ರದ್ದು ಸಾರ್. ವಾರಂಟಿ ಪುಸ್ತಕ, ಪುಟ ಹನ್ನೆರಡು."

"ಹಾಗಾದ್ರೆ ಇಲ್ಲೇ ನಿಲ್ಲಿಸಿ ಎಂಜಿನ್ ಓಡಿಸ್ತೀನಿ. ಕಾಯಲಿ."

"ನಿಂತಲ್ಲೇ ಕಾಯಿಸೋ ಹಾಗಿಲ್ಲ ಸಾರ್. ಪುಟ ಹದಿನಾಲ್ಕು."

"ಎಳೆಸ್ಕೊಂಡು ಬಂದ್ರೆ?"

"ಧಾರಾಳವಾಗಿ ಸಾರ್. ಆದ್ರೆ ಬರೋ ಹೊತ್ತಿಗೆ ಆರಿರುತ್ತಲ್ಲ!"

ಯಜಮಾನರು ಮನೆಗೆ ಬಂದು ಮಂಚದ ಮೇಲೆ ಉರುಳಿದರು. ಕಾರು ಬಿಸಿಯಾಗಿ ಬರುವಂತಿಲ್ಲ, ತಣ್ಣಗೆ ಬಂದರೆ ಕೇಳುವವರಿಲ್ಲ. ಗೇಟಿನ ಬಾಯಲ್ಲೇ, ಒಂದು ಗಜ ಹಿಂದೆ ಮುಂದೆ ಆಗದಂತೆ, ಕುದಿ ಬರಬೇಕು! ಅದನ್ನು ಕೇಳಿ ಹೆಂಡತಿ ಮಾತ್ರ ಹುಬ್ಬೂ ಹಾರಿಸಲಿಲ್ಲ.

"ಅಯ್ಯೋ, ಹಾಲು ಉಕ್ಕೋ ಹೊತ್ತಿಗೆ ಸರಿಯಾಗಿ ಒಲೆ ಮುಂದಿರೋದನ್ನ ಮೂವತ್ತು ವರ್ಷದಿಂದ ಮಾಡ್ತಿದೀನಿ. ನಾನೂ ಬರ್ತೀನಿ ನಡೀರಿ. ಅವರ ಗೇಟಿನ ಸುತ್ತಾನೇ ಸುತ್ತುತಾ ಇರೋಣ. ಮುಳ್ಳು ನಾನು ನೋಡ್ತೀನಿ, ರಸ್ತೆ ನೀವು ನೋಡಿ."

ಅಂದೇ ಮಧ್ಯಾಹ್ನದಿಂದ ಪ್ರದಕ್ಷಿಣೆ ಶುರುವಾಯಿತು. ಸರ್ವಿಸ್ ಸೆಂಟರು, ಪೈಪಿನ ಅಂಗಡಿ, ಬ್ಯಾಂಕು, ಶಾಲೆಯ ಗೋಡೆ, ಮತ್ತೆ ಸರ್ವಿಸ್ ಸೆಂಟರು. ಮೊದಲ ದಿನ ದೀಪ ಹತ್ತಿದ್ದು ಪೈಪಿನ ಅಂಗಡಿಯ ಮುಂದೆ. ಎಂಜಿನ್ ಆರಿಸಿ, ಓಡಿಹೋಗಿ ಅಧಿಕಾರಿಯನ್ನು ಕರೆದರೆ, "ಗೇಟಿನೊಳಗೆ ಸಾರ್" ಎಂದ. ಮಂಗಳವಾರ ಬ್ಯಾಂಕಿನ ಮುಂದೆ ಹತ್ತಿತು. ಬುಧವಾರ ಹೆಂಡತಿ ಲೆಕ್ಕ ಹಾಕಿ, "ಬ್ಯಾಂಕಿನ ಹತ್ರ ಸ್ವಲ್ಪ ನಿಧಾನ ಮಾಡಿ, ಇಲ್ಲಾಂದ್ರೆ ಮೊದಲೇ ಉಕ್ಕುತ್ತೆ" ಎಂದರು. ನಿಧಾನ ಮಾಡಿದ್ದರಿಂದ ಸೈಕಲ್ಲಿನ ಮೇಲೆ ಕ್ಯಾನು ಕಟ್ಟಿಕೊಂಡ ಹಾಲಿನವನೊಬ್ಬ ಗಂಟೆ ಬಾರಿಸಿ ಮುಂದೆ ಹೋದ. ಸ್ವಲ್ಪ ಹೊತ್ತಿನಲ್ಲಿ ಹಾಲು ಹಾಕಿ ಬಂದು ಮತ್ತೊಮ್ಮೆ ಮುಂದೆ ಹೋದ. ದೀಪ ಶಾಲೆಯ ಗೋಡೆಯ ಬಳಿ ಹತ್ತಿತು.

ಗುರುವಾರ ಗೇಟಿನಿಂದ ಇಪ್ಪತ್ತು ಮಾರು ಹಿಂದೆ. ಶುಕ್ರವಾರ ಹತ್ತು ಮಾರು ಮುಂದೆ! ಯಜಮಾನರು ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಕಣ್ಣೀರು ಸುರಿಸುವುದೊಂದು ಬಾಕಿ. ಅಂಗಡಿಗೆ ಬಂದ ಗಿರಾಕಿಗೆ ದೂರದ ಕನ್ನಡಕದ ಬದಲು ಓದುವ ಕನ್ನಡಕ ಕೊಟ್ಟು ಕಳಿಸಿದರು.

ಶನಿವಾರ. ಏಳನೇ ಸುತ್ತು. ಹೆಂಡತಿ ಮುಳ್ಳಿನ ಮೇಲಿಟ್ಟ ಕಣ್ಣು ತೆಗೆಯದೆ ನುಡಿದರು: "ಬಂತು... ಬಂತು... ತಿರುಗಿಸ್ರೀ ಒಳಗೆ!" ಕಾರಿನ ಹಿಂಚಕ್ರ ಗೇಟು ದಾಟಿದ್ದೇ ದೀಪ ಹತ್ತಿತು. ಬಾನೆಟ್ಟಿನ ಸಂದಿನಿಂದ ಹಬೆ ಬುಸ್ಸೆಂದು ಎದ್ದಿತು. ಗೇಟಿನ ಕಾವಲುಗಾರ ಚಪ್ಪಾಳೆ ತಟ್ಟಿಬಿಟ್ಟ. ಹೆಂಡತಿ ಬಾವಿಯಿಂದ ತಾವಾಗಿಯೇ ಮೇಲೆ ಬಂದರು. ವಾರಂಟಿ ಅಧಿಕಾರಿ ಹಬೆಯ ಫೋಟೊ ತೆಗೆದು, ಯಜಮಾನರ ಕೈ ಕುಲುಕಿ, "ಖಂಡಿತ ದೋಷ ಇದೆ ಸಾರ್" ಎಂದ. ಯಜಮಾನರ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ಕಾರಿನ ಕಂಪ್ಯೂಟರ್ ಒಂದ್ಸಲ ನೋಡಿಬಿಡ್ತೀನಿ, ಶಾಸ್ತ್ರಕ್ಕೆ" ಎಂದು ಆತ ವಯರು ಸಿಕ್ಕಿಸಿ ಒಳಗೆ ಹೋದ. ಬಂದಾಗ ಕೈಯಲ್ಲಿ ಒಂದು ಕಾಗದ, ಮುಖದಲ್ಲಿ ಸಂತಾಪ.

"ಸಾರ್, ಈ ವಾರ ಒಂದೇ ದಾರೀಲಿ ನಲವತ್ತೊಂದು ಸುತ್ತು ಹೊಡ್ದಿದೀರಿ."

"ಹೌದು, ನಿಮಗೋಸ್ಕರಾನೇ!"

"ಒಂದೇ ಪಥದಲ್ಲಿ ಪದೇ ಪದೇ ಸುತ್ತು ಹಾಕಿದ್ರೆ ಅದು ರೇಸು ಸಾರ್. ರೇಸಿಗೆ ಬಳಸಿದ ಗಾಡಿಗೆ ವಾರಂಟಿ ಇಲ್ಲ. ಪುಟ ಮೂವತ್ತೊಂದು."

(ಮೂವತ್ತನೇ ಪುಟದವರೆಗೂ ಯಜಮಾನರು ಭೂತಗನ್ನಡಿ ಹಿಡಿದು ಓದಿದ್ದರು. ಅಷ್ಟರಲ್ಲಿ ಗಿರಾಕಿ ಬಂದಿದ್ದ.)

"ರೇಸೇ? ಸ್ವಾಮಿ, ನಾನು ಹೋಗಿದ್ದು ಗಂಟೆಗೆ ಹದಿನೆಂಟು ಕಿಲೋಮೀಟರು! ಹಾಲಿನ ಸೈಕಲ್ಲು ಎರಡು ಸಲ ನನ್ನ ದಾಟ್ಕೊಂಡು ಹೋಗಿದೆ! ಬೇಕಾದ್ರೆ ಇವಳನ್ನ ಕೇಳಿ!"

"ನಿಯಮದಲ್ಲಿ ವೇಗದ ಮಾತಿಲ್ಲ ಸಾರ್, ಸುತ್ತಿನ ಮಾತಿದೆ. ಮೇಡಂ ಪಕ್ಕದಲ್ಲಿ ಕೂತು ದಾರಿ ಹೇಳ್ತಿದ್ದದ್ದನ್ನ ನಮ್ಮ ಕಾವಲುಗಾರ ದಿನಾ ನೋಡಿದಾನೆ. ಅವರನ್ನ ಸಹಚಾಲಕಿ ಅಂತ ನಮೂದಿಸಿದೀನಿ."

ಕಾರನ್ನು ಅಲ್ಲೇ ಬಿಟ್ಟು ಇಬ್ಬರೂ ಬಸ್‌ಸ್ಟಾಪಿಗೆ ಬಂದರು. ಯಜಮಾನರು ಕಲ್ಲುಬೆಂಚಿನ ಮೇಲೆ ಕುಸಿದು ಕೂತರು. ಹೆಂಡತಿ ಆ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದರು.

"ರೇಸ್ ಅಂತ ಸೀಲು ಹೊಡೆದೇ ಕೊಟ್ಟಿದಾರೆ ಕಣ್ರೀ."

"ಹೂಂ."

"ನಿಮ್ಮ ಜೊತೆ ಇನ್ನೆಷ್ಟು ಕಾರು ಓಡ್ತು?"

"ಗೊತ್ತಿದ್ದೂ ಯಾಕೆ ಹೊಟ್ಟೆ ಉರಿಸ್ತೀಯೇ? ನಾನೊಬ್ಬನೇ."

ಹೆಂಡತಿ ಕಾಗದವನ್ನು ನಾಲ್ಕಾಗಿ ಮಡಿಸಿ ಪರ್ಸಿಗೆ ಸೇರಿಸಿದರು.

"ಒಬ್ರೇ ಓಡಿ, ಅದರಲ್ಲೂ ಸೋತು ಬಂದ್ರಲ್ಲ!"