ನಮ್ಮ ಭಾವನ ಆಫೀಸ್ ಕಾಪಿ

ನಮ್ಮ ಭಾವ ಈ ಭೂಮಿಗೆ ಒಬ್ಬರೇ ಬಂದದ್ದು ದೇವರು ನಮ್ಮ ಮೇಲೆ ಮಾಡಿದ ದೊಡ್ಡ ಉಪಕಾರ. ಅವರ ಕೈಯಲ್ಲಿದ್ದಿದ್ದರೆ ಜೊತೆಗೊಂದು ಆಫೀಸ್ ಕಾಪಿಯನ್ನೂ ತಂದಿರುತ್ತಿದ್ದರು!

ಆಫೀಸ್ ಕಾಪಿ ಎಂದರೇನು ಎಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಭಾವ, ಅಂದರೆ ನಮ್ಮ ಅಕ್ಕನ ಯಜಮಾನರು, ಹೈದರಾಬಾದಿನ ಒಂದು ಸರಕಾರಿ ಕಚೇರಿಗೆ ಟೈಪಿಸ್ಟಾಗಿ ಸೇರಿ ಸೂಪರಿಂಟೆಂಡೆಂಟಾಗಿ ಹೊರಬಿದ್ದವರು. ಅಲ್ಲಿ ಕಾಗದದ ಕೆಳಗೆ ಕಾರ್ಬನ್ ಇಟ್ಟೇ ಟೈಪು ಮಾಡಬೇಕು. ಮೇಲಿನ ಹಾಳೆ ಸಹಿ ಹಾಕಿಸಿಕೊಂಡು ಹೊರಗೆ ಹೋಗುತ್ತದೆ. ಕೆಳಗಿನ ಮಸುಕು ಹಾಳೆ ಫೈಲಿನಲ್ಲಿ ಉಳಿಯುತ್ತದೆ. ಅದೇ ಆಫೀಸ್ ಕಾಪಿ. "ಒರಿಜಿನಲ್ ಅನ್ನೂದು ಯಾವತ್ತಿದ್ರೂ ಕೈಬಿಟ್ಟು ಹೋಗೂದ ತಮ್ಮಾ. ನಮ್ಮ ಹಂತ್ಯಾಕ ಉಳಿಯೂದು ಆಫೀಸ್ ಕಾಪಿ ಒಂದ," ಎಂದು ಅವರು ಹೇಳುವಾಗ ಮುಖದಲ್ಲಿ ವೇದಾಂತಿಯ ಕಳೆ ಬರುತ್ತಿತ್ತು. ಈ ವೇದಾಂತವನ್ನು ಕಚೇರಿಯಲ್ಲೇ ಬಿಟ್ಟು ಬಂದಿದ್ದರೆ ಯಾರಿಗೆ ಏನು ತೊಂದರೆ ಇತ್ತು? ಮನೆಗೂ ತಂದರಲ್ಲ!

ಅಂಗಿ ಹೊಲಿಸಿದರೆ ಒಂದೇ ಬಟ್ಟೆಯಲ್ಲಿ ಎರಡು. ಒಂದು ಒಗೆಯಲು ಹೋದಾಗ ಇನ್ನೊಂದು. ಕಚೇರಿಯವರು, ಪಾಪ, ಈ ಮನುಷ್ಯನಿಗೆ ಇರುವುದೇ ಒಂದು ಅಂಗಿ ಎಂದು ಮರುಗುತ್ತಿದ್ದರಂತೆ! ಕೊಡೆಯೂ ಎರಡು. ಒಮ್ಮೆ ದಿಲ್‌ಸುಖ್‌ನಗರದ ಬಸ್ ಸ್ಟ್ಯಾಂಡಿನಲ್ಲಿ ನಾವು ಮೂವರೂ ನಿಂತಿದ್ದಾಗ ಮಳೆ ಸುರಿಯಿತು. ಭಾವ ಒಂದು ಕೊಡೆ ಬಿಚ್ಚಿದರು. ಇನ್ನೊಂದು ಅವರ ಕಂಕುಳಲ್ಲಿ ಬೆಚ್ಚಗೆ ಮಲಗಿತ್ತು. ಅಕ್ಕ ಸೆರಗು ಹೊದ್ದು ತೊಯ್ಯುತ್ತಾ, "ಆ ಇನ್ನೊಂದು ಯಾವಾಗ ಬಿಚ್ಚತೀರಿ? ನಾ ಸತ್ತಮ್ಯಾಲೇನು?" ಎಂದಳು. "ಏ, ಅದು ಆಫೀಸ್ ಕಾಪಿ. ತೋಯಿಸಬಾರದು," ಎಂದು ಭಾವ ಅದನ್ನು ಇನ್ನಷ್ಟು ಒಳಗೆ ಅವುಚಿಕೊಂಡರು. ಆ ಸಂಜೆಯಿಡೀ ಅಕ್ಕ ಸೀನಿದಳು, ಸೀನುಗಳ ನಡುವೆ ಬೈದಳು.

ಇಂಥವರು ನಿವೃತ್ತಿಯ ಹಣದಲ್ಲಿ ಕಂಪ್ಯೂಟರ್ ಕೊಂಡರು. ಕೊಂಡದ್ದು ತಪ್ಪಲ್ಲ. ಅಂಗಡಿಯವನು ಬಾಯಿ ಬಿಟ್ಟದ್ದು ತಪ್ಪು. "ಬ್ಯಾಕಪ್ ಅಂದರೇನು?" ಎಂದು ಭಾವ ಕೇಳಿದ್ದಕ್ಕೆ ಆ ಪುಣ್ಯಾತ್ಮ, "ಅರೆ ಸಾಬ್, ಬ್ಯಾಕಪ್ ಬೋಲೇ ತೋ ಆಫೀಸ್ ಕಾಪೀಚ್ ನಾ!" ಎಂದುಬಿಟ್ಟ. ಅದೂ ಹೇಗೆ? ಹೊತ್ತು ಗೊತ್ತು ಮಾಡಿ ಇಟ್ಟರೆ ಸಾಕು, ದಿನಾ ಆ ಹೊತ್ತಿಗೆ ಯಂತ್ರ ತಾನೇ ಎಲ್ಲದರ ನಕಲು ತೆಗೆದು ಇಡುತ್ತದೆ. ಕಾರ್ಬನ್ ಬೇಡ, ಕೈ ಮಸಿ ಮಾಡಿಕೊಳ್ಳುವುದು ಬೇಡ. ಭಾವನ ಕಣ್ಣಲ್ಲಿ ನೀರು ಬಂತಂತೆ. ಕಂಪ್ಯೂಟರ್ ಪತ್ರಿಕೆಗಳ ಜೊತೆ ಪುಕ್ಕಟೆ ಬರುವ ಸೀಡಿಗಳಲ್ಲಿ ಇಂಥ ಸಾಫ್ಟ್‌ವೇರ್ ಇರುತ್ತದೆ ಎಂದು ತಿಳಿದು, ಮೂರು ಪತ್ರಿಕೆ ತಂದು, ಮೂರರ ಸೀಡಿಯನ್ನೂ ಯಂತ್ರಕ್ಕೆ ಹಾಕಿದರು.

ಇಷ್ಟೇ ಆಗಿದ್ದರೆ ನಗಬಹುದಿತ್ತು. ಅದೇ ಕಾಲಕ್ಕೆ ಅಕ್ಕನ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿತು. ಥೈರಾಯ್ಡ್ ಆಪರೇಷನ್ ಆಗಲೇಬೇಕು ಎಂದ ಡಾಕ್ಟರು, ದನಿಯ ನರ ಅದರ ಪಕ್ಕದಲ್ಲೇ ಹಾದುಹೋಗುತ್ತದೆ, ದನಿ ಮೊದಲಿನ ಹಾಗೆ ಉಳಿಯುತ್ತದೆಂದು ಮಾತು ಕೊಡಲಾರೆ ಎಂದರು. ಅಕ್ಕನ ದನಿ ಬರೀ ಅಕ್ಕನದಲ್ಲ. ರಾಯಚೂರಿನಿಂದ ನಮ್ಮ ಅವ್ವ ತಂದ ತೊಟ್ಟಿಲ ಹಾಡು, ಆರತಿ ಹಾಡು, ಮದುವೆಯಲ್ಲಿ ಬೀಗರನ್ನು ಮಾನ ಉಳಿಯದಂತೆ ಬೈಯುವ ಹಾಡು, ಎಲ್ಲವೂ ಇದ್ದದ್ದು ಅಕ್ಕನ ಕಂಠದಲ್ಲಿ ಮಾತ್ರ. ನನಗೆ ಒಂದು ಸಾಲೂ ಬರುವುದಿಲ್ಲ. ಊರಿನ ಕನ್ನಡದವರ ಮನೆಯಲ್ಲಿ ಕೂಸು ಹುಟ್ಟಿದರೆ ಮೊದಲು ಅಕ್ಕನಿಗೆ ಫೋನು ಬರುತ್ತಿತ್ತು.

"ಹೆದರಬ್ಯಾಡ. ಆಪರೇಷನ್‌ಗಿಂತ ಮೊದಲ ಎಲ್ಲಾ ಹಾಡು ರೆಕಾರ್ಡ್ ಮಾಡೂಣು," ಎಂದರು ಭಾವ. ಟೇಪ್ ರೆಕಾರ್ಡರ್ ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. "ಟೇಪು ಸವೀತೈತಿ. ಕಂಪ್ಯೂಟರಿನ್ಯಾಗಾದ್ರ ದಿನಾ ತಾನ ಆಫೀಸ್ ಕಾಪಿ ತಗೀತೈತಿ," ಎಂಬ ಉತ್ತರ ಬಂತು. ಅದೇ ನಮಗೆ ಮುಳುವಾಯಿತು.

ಎರಡೇ ದಿನಕ್ಕೆ ಫೋನು. "ತಮ್ಮಾ, ಮಷೀನ್ ಬ್ಯಾನಿ ಬಿದ್ದೈತಿ. ಲಗೂನ ಬಾ." ನಾನು ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ಸ್ಟಾಕು ಬರೆಯುವವನು. ಬರೆಯುವುದು ಕಂಪ್ಯೂಟರಿನಲ್ಲಿ ಎಂಬ ಒಂದೇ ಕಾರಣಕ್ಕೆ ಭಾವನ ಪಾಲಿಗೆ ಮಹಾಪಂಡಿತ. ಯಂತ್ರ ನಿಂತರೆ ಆರಿಸಿ ಮತ್ತೆ ಹಚ್ಚುವುದು, ಇಷ್ಟೇ ನನ್ನ ಪಾಂಡಿತ್ಯ! ಕೂಕಟ್‌ಪಲ್ಲಿಯ ನನ್ನ ಮನೆಯಿಂದ ದಿಲ್‌ಸುಖ್‌ನಗರದ ಅವರ ಮನೆಗೆ ಬಸ್ಸಿನಲ್ಲಿ ಜೋತುಬಿದ್ದು ಹೋದೆ.

ಅಲ್ಲಿನ ಕ್ರಮವೇ ಕ್ರಮ. ಮಧ್ಯಾಹ್ನದ ಚಹಾ ಆದಮೇಲೆ, ಬೀದಿಯ ಗದ್ದಲ ಸ್ವಲ್ಪ ಅಡಗಿದ ಹೊತ್ತು, ಅಕ್ಕ ಮೈಕಿನ ಮುಂದೆ ಕೂರಬೇಕು. ಮೊದಲು ಮೈಕ್ ಟೆಸ್ಟ್. ಅಕ್ಕ ಏನಾದರೂ ಮಾತಾಡಬೇಕು, ಅದನ್ನು ಭಾವ ಬೇರೆಯಾಗಿ ಉಳಿಸಿ ಇಡಬೇಕು. ಆಮೇಲೆ ಹಾಡು. ಹಾಡು ಪೂರ್ತಿ ಮುಗಿದ ಮೇಲೆಯೇ ಉಳಿಸುವುದು. ಅವತ್ತು ಅಕ್ಕ ಹಾಡಲು ಶುರು ಮಾಡಿದಳು. ಅರ್ಧ ಹಾಡಿಗೆ ಬಂದಿರಬೇಕು, ಡಬ್ಬಿಯೊಳಗಿಂದ ಗರಗರ ಸದ್ದು ಬಂತು. ಪರದೆಯ ಮೇಲಿನ ಮೌಸಿನ ಬಾಣ ಅಲುಗಲಿಲ್ಲ. ಪರದೆ ನೀಲಿಯಾಗಿ ಬಿಳಿ ಅಕ್ಷರ ಉದುರಿದವು. ಹಾಡು ಹೋಯಿತು.

"ಕರೆಂಟ್ ಸಾಲವಲ್ದು," ಎಂದು ಭಾವ ಫ್ಯಾನು ಆರಿಸಿದರು. ಟೀವಿ, ಫ್ರಿಜ್ಜು, ಎಲ್ಲವನ್ನೂ ಆರಿಸಿದರು. ಮತ್ತೆ ಹಾಡಿದಳು, ಮತ್ತೆ ನೀಲಿ. ಅಕ್ಕ ಬೆವರೊರೆಸಿಕೊಂಡು, "ಎಲ್ಲಾ ಬಂದ್ ಮಾಡಿದ್ರಿ, ಹಾಲು ಒಡೀತು. ಇನ್ನ ನನ್ನ ಬಾಯಿ ಒಂದ ಉಳದೈತಿ, ಅದನ್ನೂ ಬಂದ್ ಮಾಡಿಬಿಡ್ರಿ," ಎಂದಳು.

ಮುಂದಿನ ಸಲ ಹೋದಾಗ ನಾನು ಹಟ ಹಿಡಿದು ಹುಡುಕಿದೆ. ನಾನು ಬೆಳಿಗ್ಗೆ ಹಚ್ಚಿ ನೋಡಿದಾಗ ನೆಟ್ಟಗಿದ್ದ ಯಂತ್ರ ಚಹಾ ಆದಮೇಲೆಯೇ ಏಕೆ ಸಾಯಬೇಕು? ನೋಡಿದರೆ, ಮೂರು ಬ್ಯಾಕಪ್ಪಿಗೂ ಅದೇ ಹೊತ್ತು! "ಯಾಕ್ರಿ ಭಾವಾರ, ದಿನದಾಗ ಬ್ಯಾರೆ ಟೈಮ್ ಸಿಗಲಿಲ್ಲೇನು?" ಎಂದೆ. "ಚಹಾ ಆಗೂತನಕ ಯಾವ ಆಫೀಸಿನ್ಯಾಗ ಫೈಲ್ ಮ್ಯಾಲ ಏಳತಾವಪಾ?" ಎಂದು ನನ್ನನ್ನೇ ಕೇಳಿದರು. ಅಷ್ಟೇ ಅಲ್ಲ, ಒಂದು ಸಾಫ್ಟ್‌ವೇರ್ ತೆಗೆದ ನಕಲನ್ನು ಇನ್ನೊಂದು ನಕಲು ಮಾಡುತ್ತಿತ್ತು, ಅದನ್ನು ಮೂರನೆಯದು! ಮೂವರು ಗುಮಾಸ್ತರು ಒಬ್ಬರ ಕಾಗದ ಒಬ್ಬರು ಕಿತ್ತುಕೊಂಡು ಬರೆಯುತ್ತಾ ಕೂತರೆ ಕಚೇರಿ ಉಳಿಯುತ್ತದೆಯೇ? ಎರಡನ್ನು ಕಿತ್ತುಹಾಕಿದೆ. ಉಳಿದ ಒಂದಕ್ಕೆ ನಸುಕಿನ ಹೊತ್ತು ಗೊತ್ತು ಮಾಡಿ, ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಗೆದ್ದೆನೇ? ಆಸ್ಪತ್ರೆಗೆ ಸೇರುವ ಹಿಂದಿನ ದಿನ ಮತ್ತೆ ಫೋನು. ಈ ಸಲ ಭಾವನ ದನಿಯಲ್ಲಿ ಜೀವ ಇರಲಿಲ್ಲ. "ಇನ್ನೂ ಒಂದ ಹಾಡೂ ಆಗಿಲ್ಲ ತಮ್ಮಾ." ರಜೆ ಹಾಕಿ ಓಡಿದೆ. ಸಂಗತಿ ಏನೆಂದರೆ, ಭಾವ ರಾತ್ರಿ ಮಲಗುವ ಮುನ್ನ ಕಂಪ್ಯೂಟರಿನ ಪ್ಲಗ್ಗನ್ನೇ ಕೀಳುತ್ತಾರೆ. ನಸುಕಿನಲ್ಲಿ ಅದು ಏಳುವುದಾದರೂ ಹೇಗೆ? ಆದರೆ ಆ ಸಾಫ್ಟ್‌ವೇರಿಗೆ, ಹೊತ್ತು ತಪ್ಪಿದ ಕೆಲಸವನ್ನು ಯಂತ್ರ ಹಚ್ಚಿದ ಕೂಡಲೇ ಮುಗಿಸು ಎಂದು ಹೇಳಿಡುವ ಒಂದು ಸೌಕರ್ಯ ಇತ್ತು. ಭಾವ ಅದಕ್ಕೆ ಗುರುತು ಹಾಕಿದ್ದರು. "ನಿಯತ್ತಿನ ನೌಕರ ಅಂದ್ರ ಹಂಗ ಇರಬೇಕಲಾ," ಎಂದರು. ಯಂತ್ರ ಹಚ್ಚುತ್ತಿದ್ದದ್ದೇ ಅಕ್ಕ ಹಾಡುವ ಹೊತ್ತಿಗೆ. ಇರಲಿ, ಒಂದೇ ಆದರೆ ತಡೆದುಕೊಂಡೀತು ಎಂದು ನೋಡಿದರೆ ಮತ್ತೆ ಮೂರೂ ಇವೆ! "ನಾನು ಎರಡನ್ನ ತಗದಿದ್ದೆನಲ್ರೀ!"

"ನೀ ತಗದದ್ದು ಒರಿಜಿನಲ್. ಸೀಡಿ ಆಫೀಸ್ ಕಾಪಿ ಇದ್ವಲ್ಲ, ಮತ್ತ ಹಾಕಿದೆ."

ತಲೆ ಮೇಲೆ ಕೈ ಹೊತ್ತು ಕೂತೆ. ಅಳಬೇಕೋ ಆ ಡಬ್ಬಿಯನ್ನು ಎತ್ತಿ ಬೀದಿಗೆ ಒಗೆಯಬೇಕೋ ತಿಳಿಯಲಿಲ್ಲ. ಮೂರನ್ನೂ ಬೇರುಸಹಿತ ಕಿತ್ತೆ, ಸೀಡಿಗಳನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಯಂತ್ರ ಹೂವಿನ ಹಾಗೆ ಹಗುರಾಗಿ ಓಡತೊಡಗಿತು. "ಅಕ್ಕಾ, ಈಗ ಹಾಡು," ಎಂದೆ. ಅಕ್ಕ ಕುತ್ತಿಗೆ ಹಿಡಿದುಕೊಂಡು ತಲೆ ಅಲ್ಲಾಡಿಸಿದಳು. "ಇವತ್ತ ಒಲ್ಲೆನೋ ತಮ್ಮಾ. ದಿನಾ ಹಾಡಿ ಹಾಡಿ ಗಂಟಲ ಸೋತೈತಿ. ಹೋಗಿ ಬಂದಮ್ಯಾಲ ಹಾಡತೀನಂತ ತಗೋ." ಭಾವ ಅವಳ ಮುಖವನ್ನೇ ನೋಡುತ್ತಾ ಮೈಕಿನ ವೈರು ಸುತ್ತಿಟ್ಟರು.

ಅಕ್ಕ ಹೋಗಿ ಬಂದಳು. ಗಡ್ಡೆ ಹೋಯಿತು, ಭಯವೂ ಹೋಯಿತು. ಡಾಕ್ಟರು ಅಂಜಿದ್ದ ಹಾಗೆ ದನಿಯೂ ಹೋಯಿತು. ಕೆಲವು ವಾರ ಬಿಟ್ಟು ನಾನು ಹೋದಾಗ ಬಾಗಿಲು ತೆಗೆದು ಏನೋ ಅಂದಳು. ಜಂಗು ಹಿಡಿದ ಚಿಲಕ ಸರಿಸಿದಂಥ ಸದ್ದು. ಚಹಾ ಇಡುತ್ತೇನೆ ಎಂದಳೆಂದು ತುಟಿ ನೋಡಿ ತಿಳಿದುಕೊಂಡೆ. ಅವಳು ಅಡಿಗೆಮನೆಗೆ ಹೋದಳು. ಅವ್ವನ ಹಾಡುಗಳೆಲ್ಲ ಆ ಕುತ್ತಿಗೆಯ ಗಾಯದ ಹಿಂದೆ ಉಳಿದುಹೋದವಲ್ಲ ಎಂದು ನನಗೆ ಸಂಕಟ ಉಕ್ಕಿತು. ಭಾವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಮಾತಾಡಿಸಲೂ ಮನಸ್ಸಾಗಲಿಲ್ಲ.

ಅವರೇ ಒಳಗೆ ಕರೆದರು. ಕಂಪ್ಯೂಟರಿನ ಮುಂದೆ ಕೂರಿಸಿ, "ಇದನ್ನ ಕೇಳು," ಎಂದು ಒಂದು ಗುಂಡಿ ಒತ್ತಿದರು.

"ಏನ್ರಿ, ಹಲೋ ಹಲೋ ಅಂತ ಎಷ್ಟ ಸಲ ಅನ್ಲಿ? ಇದೇನು ಟ್ರಂಕ್ ಕಾಲೇನು? ಒಲಿ ಮ್ಯಾಲ ಹಾಲಿಟ್ಟು ಬಂದೀನಿ. ಉಕ್ಕಿದ್ರ ನಿಮ್ಮ ಆಫೀಸ್ ಕಾಪಿ ಬಂದು ಒರಸ್ತೈತೇನು?"

ಅಕ್ಕ! ಮೊದಲಿನ ಅಕ್ಕ! ಆ ತುಂಬು ದನಿ ಕೋಣೆಯ ತುಂಬಾ ಹರಡಿತು.

"ಹಾಡು ಒಂದೂ ಉಳೀಲಿಲ್ಲ ತಮ್ಮಾ. ಮೈಕ್ ಟೆಸ್ಟ್ ಮಾತ್ರ ಎಲ್ಲಾ ಅದಾವು. ಅಷ್ಟೂ ದಿನ ನನ್ನ ಬೈದದ್ದು ಐತಿ," ಎಂದರು ಭಾವ. ಆಮೇಲೆ ಮೆಲ್ಲಗೆ, "ಹಾಡು ಊರ ಮಂದಿಗೆಲ್ಲಾ ಹಾಡತಿದ್ಲು. ಬೈತಿದ್ದದ್ದು ನನಗೊಬ್ಬನಿಗ," ಎಂದರು.

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕಣ್ಣೊರೆಸಿಕೊಂಡು, "ಇದರದು ಇನ್ನೊಂದು ಕಾಪಿ ತಗದೀರಿಲ್ಲೋ ಭಾವಾರ? ನನಗೂ ಒಂದು ಕೊಡ್ರಿ," ಎಂದೆ. ನಾನಾಗಿ ಬಾಯಿಬಿಟ್ಟು ಆಫೀಸ್ ಕಾಪಿ ಕೇಳಿದ್ದು ಅದೇ ಮೊದಲು.

ಸ್ಪೀಕರಿನ ಪೆಟ್ಟಿಗೆಯಿಂದ ಅಕ್ಕನ ದನಿ ಗಟ್ಟಿಯಾಗಿ ಬೈಯುತ್ತಲೇ ಇತ್ತು. ಅದರ ನಡುವೆ ಭಾವ ಕಿವಿ ನಿಮಿರಿಸಿದರು. ನನಗೆ ಏನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು, ಅಡಿಗೆಮನೆಯಿಂದ, ಜಂಗು ಹಿಡಿದ ಆ ಸಣ್ಣ ಸದ್ದು: "ಏನ್ರಿ..."

"ಅದನ್ನ ಬಂದ್ ಮಾಡು ತಮ್ಮಾ," ಎಂದು ಭಾವ ಗಡಬಡಿಸಿ ಎದ್ದರು. "ಒರಿಜಿನಲ್ ಕರ್ಯಾಕತ್ತೈತಿ."